ಬಿಳಿ ಪಾನು ಯಾರದು

ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎಸ್ಟೇಟಿನ ಹಾಜರಿಯ ಮಸ್ಟರ್ ಗಂಟೆ ಎಂದಿನ ಹೊತ್ತಿಗೇ ಹೊಡೆಯಿತು. ಕೂಲಿ ಲೈನಿನ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಕಾಫಿ ಪಿಕ್ಕಿಂಗಿಗೆ ಹೊರಟರು. ಲೆಕ್ಕ ಬರೆಯುವ ರೈಟರನ ಕ್ವಾರ್ಟರ್ಸಿನ ಮುಂದೆ ಬಂದಾಗ ದನಿ ತಗ್ಗಿಸಿದರು, ದಾಟಿದ ಮೇಲೆ ಮತ್ತೆ ಏರಿಸಿದರು. ಹೆಸರು ಕರೆಯುವ ಗಂಟಲು ಮಾತ್ರ ಬೇರೆಯದು. ತೀರಿಕೊಂಡ ದೇರಪ್ಪನ ಜಾಗಕ್ಕೆ ಬಂದ ಹೊಸ ರೈಟರನದು.

ದೇರಪ್ಪನ ಹೆಂಡತಿ ನೀಲಾವತಿ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಂಡಳು. ಅಳು ಬರಬೇಕಿತ್ತು. ಇವತ್ತೂ ಬರಲಿಲ್ಲ.

ಮನೆಗೆಲಸದ ಮುತ್ತಿ ಪೊರಕೆ ಹಿಡಿದು ಮುಂದಿನ ಕೋಣೆಯಲ್ಲಿ ನಿಂತಿದ್ದಳು. ಅವಳ ಎದುರಿಗೆ ಮೇಜಿನ ಮೇಲೆ ಕೇರಂ ಬೋರ್ಡು, ಬೋರ್ಡಿನ ಮೇಲೆ ಅರ್ಧ ಆಡಿ ಬಿಟ್ಟ ಪಾನುಗಳು, ಅವುಗಳ ಮೇಲೆ ತಗಡಿನ ಟೋಪಿ ಹಾಕಿಕೊಂಡು ಉರಿಯುತ್ತಿದ್ದ ಬಲ್ಬು.

"ಅಮ್ಮ, ಇದನ್ನ ಎತ್ತಿ ಆಚೆ ಇಡಲಾ? ಅಡಿಯೆಲ್ಲ ಕಸ."

"ಬೇಡ. ಸುತ್ತ ಗುಡಿಸು."

"ಲೈಟಾದರೂ ಆರಿಸಲಾ? ಹಗಲಾಯ್ತು."

"ಅದೂ ಬೇಡ."

ಮುತ್ತಿ ಬಲ್ಬಿಗೆ ಕೈಮುಗಿದು ಗುಡಿಸಲು ಶುರುಮಾಡಿದಳು. ಅವಳೊಬ್ಬಳೇ ಅಲ್ಲ, ತಿಥಿಗೆ ಬಂದವರೆಲ್ಲ ಅದನ್ನು ಸತ್ತವನಿಗೆ ಇಟ್ಟ ದೀಪವೆಂದೇ ತಿಳಿದಿದ್ದರು. ನಾಪೋಕ್ಲಿನ ಕಡೆಯ ಮುದುಕಿಯೊಬ್ಬಳು ಅದರ ಕೆಳಗೆ ಹೂ ಇಟ್ಟು, "ಎಣ್ಣೆ ಹಾಕುವ ಕೆಲಸ ಇಲ್ಲ, ಒಳ್ಳೇದಾಯ್ತು," ಎಂದಿದ್ದಳು. ನೀಲಾವತಿ ತಿದ್ದಲಿಲ್ಲ. ಏನೆಂದು ಹೇಳುವುದು? ಇದು ನನ್ನ ಗಂಡನ ಕೇರಂ ಹುಚ್ಚು ಎಂದೇ?

ದೇರಪ್ಪ ಆಟವನ್ನು ಮುಗಿಸಲು ಬಿಡುತ್ತಿರಲಿಲ್ಲ. ಒಂದು ಸಂಜೆಗೆ ಒಬ್ಬರಿಗೆ ಒಂದೇ ಸರದಿ. ಆಮೇಲೆ ಸ್ಟ್ರೈಕರನ್ನು ಬದಿಗಿಟ್ಟು ಎದ್ದುಬಿಡುವನು. ಒಂದೊಂದು ಆಟ ವಾರಗಟ್ಟಲೆ ಹಾಗೇ ಬಿದ್ದಿರುತ್ತಿತ್ತು. ಅಷ್ಟೂ ದಿನ ಬಲ್ಬು ಉರಿಯಬೇಕು. "ಆಟ ತಡೆದಿದೆ, ನಿಂತಿಲ್ಲ ನೀಲಾ. ದೀಪ ಆರಿಸಿದರೆ ಮುಗಿದ ಹಾಗೆ."

"ಕರೆಂಟಿನ ದುಡ್ಡು ಎಸ್ಟೇಟಿನದು ಅಂತ ತಾನೇ ಈ ಶಾಸ್ತ್ರ?"

"ಹಾಗೇ ಅಂದುಕೋ."

ಮೈಸೂರಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಕಲಿತ ಕೈ ಅವಳದು. ಮೆತ್ತಗೆ ತಳ್ಳಿ ಪಾನನ್ನು ಪಾಕೆಟಿನ ಬಾಯಿಗೆ ತಂದಿಟ್ಟು, ಮರುದಿನ ಬೆರಳ ತುದಿಯಿಂದ ಕೆಡವುವುದು ಅವಳ ರೀತಿ. ಆದರೆ ಹಾಗೆ ತಂದಿಟ್ಟದ್ದು ಮರುದಿನ ಅಲ್ಲಿರುತ್ತಿರಲಿಲ್ಲ. ಅದರಲ್ಲೂ ಭಾನುವಾರ ಸಂತೆ ಮುಗಿಸಿ ಬಂದರೆ ಎಲ್ಲ ಚೆಲ್ಲಾಪಿಲ್ಲಿ. ಕೇಳಿದರೆ ದೇರಪ್ಪ ನಗುವನು. "ಈ ಆಟ ಮುಗಿದ ದಿನ ನಿನಗೊಂದು ಮಾತು ಹೇಳುವುದುಂಟು. ಅಲ್ಲಿವರೆಗೆ ತಡಿ."

ಕೊನೆಯ ಭಾನುವಾರ ಅವಳು ತಡೆಯಲಿಲ್ಲ. ಕಳ್ಳಾಟದವರ ಜೊತೆ ಮಾತಿಲ್ಲ ಎಂದಳು, ನಿಜವಾಗಿ ಮಾತು ಬಿಟ್ಟಳು. ಮಾರನೆಯ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, "ಹೋಗಿ ಬರಲಾ?" ಎಂದದ್ದಕ್ಕೂ ಉತ್ತರ ಕೊಡಲಿಲ್ಲ. ಮಡಿಕೇರಿಗೆ ಹೋಗುವ ತಿರುವಿನಲ್ಲಿ ಎಸ್ಟೇಟಿನ ಜೀಪು ಮಗುಚಿತು.

ಅವಳಿಗೆ ಅಳು ಬರದಿದ್ದದ್ದು ಅದಕ್ಕೇ. ಜಗಳ ಇನ್ನೂ ಮುಗಿದಿಲ್ಲ. ಜಗಳದಲ್ಲಿರುವ ಗಂಡನಿಗಾಗಿ ಅಳುವುದು ಹೇಗೆ? ಜೊತೆಗೆ ಆ ಮಾತು. ಏನು ಹೇಳುವುದಿತ್ತು ಅವನಿಗೆ? ವರ್ಗವೋ, ಬಚ್ಚಿಟ್ಟ ಕಾಯಿಲೆಯೋ, ಬೇರೆ ಯಾವಳಾದರೂ ಹೆಣ್ಣೋ. ಮನಸ್ಸು ಒಂದೊಂದನ್ನೇ ತಂದು ಮುಂದಿಡುತ್ತಿತ್ತು, ಒಂದನ್ನೂ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಜಗಲಿಯಲ್ಲಿ ಯಾರೋ ಕೆಮ್ಮಿದರು.

ಸುಂಟಿಕೊಪ್ಪದ ಹೈಸ್ಕೂಲಿನ ಡ್ರಿಲ್ ಮಾಸ್ತರು ಮೊಣ್ಣಪ್ಪ. ದೇರಪ್ಪನ ಗೆಳೆಯ, ಈ ಬೋರ್ಡಿನ ಒಡೆಯ. ಮೈದಾನದಲ್ಲಿ ಇವನು ಕೂಗಿದರೆ ಬಸ್ಸಿಗೆ ಕಾದು ನಿಂತವರೂ ಅಟೆನ್ಶನ್ ಆಗುತ್ತಾರೆ ಎಂದು ದೇರಪ್ಪ ಹೇಳುವುದಿತ್ತು. ನೀಲಾವತಿಯ ಎದುರು ಮಾತ್ರ ಅವನಿಗೆ ದನಿಯೇ ಏಳುತ್ತಿರಲಿಲ್ಲ. ಈಗಲೂ ಕತ್ತಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದ.

"ಬೋರ್ಡಿಗೆ ಬಂದಿರಾ, ಮಾಸ್ತರೇ?"

"ಅಲ್ಲ ಅತ್ತಿಗೆ. ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕಂತಲ್ಲ ನೀವು. ಸಾಮಾನು ಕಟ್ಟುವಾಗ ಅದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಅಂತ ಹೇಳಲಿಕ್ಕೆ ಬಂದೆ."

"ಯಾಕೆ?"

"ಆಟ ಮುಗಿಯಲಿಲ್ಲ."

"ನನಗೆ ಗೊತ್ತುಂಟು."

"ನಂದೊಂದು ಆಟ ಅದು," ಎಂದ ಮೊಣ್ಣಪ್ಪ, ನೆಲ ನೋಡುತ್ತ. "ನಾನು, ದೇರಪ್ಪ."

ನೀಲಾವತಿಗೆ ಪಾಪ ಎನ್ನಿಸಿತು. ಮೊಣ್ಣಪ್ಪನಿಗೆ ಈಗ ಕೇರಂ ಅಂದರೆ ಬೇಸರ, ಅದಕ್ಕೇ ಬೋರ್ಡು ನನಗೆ ಕೊಟ್ಟ ಎಂದು ದೇರಪ್ಪನೇ ಹೇಳಿದ್ದ. ಈ ಮನೆಯಲ್ಲಿ ಇವನು ಆಡಿದ್ದನ್ನು ಅವಳು ನೋಡಿಯೇ ಇಲ್ಲ.

"ಅದು ನನ್ನ ಆಟ ಮಾಸ್ತರೇ," ಎಂದಳು ಮೆಲ್ಲಗೆ.

ಅವನು ತಲೆಯೆತ್ತಿ ನೋಡಿದ. ಅವನ ಕಣ್ಣಲ್ಲೂ ಅದೇ ಮರುಕ. ದುಃಖಕ್ಕೆ ತಲೆ ಕೆಟ್ಟಿದೆ, ಎದುರಾಡಬಾರದು ಎನ್ನುವ ಮರುಕ.

"ಆಗಲಿ ಅತ್ತಿಗೆ. ನಿಮ್ಮದೇ," ಎಂದು ಅವನು ಶಾಲೆಯ ಕಡೆ ನಡೆದ. ಅವಳಿಗೆ ಅದು ಸಮಾಧಾನಕ್ಕಿಂತ ಸಿಟ್ಟು ತಂದಿತು. ಅಷ್ಟು ದಿನಗಳಲ್ಲಿ ಮನಸ್ಸಿಗೆ ಏನಾದರೂ ಬಂದದ್ದು ಅದೇ ಮೊದಲು.

*

ಭಾನುವಾರ ಮುತ್ತಿಯನ್ನು ಒಬ್ಬಳೇ ಸಂತೆಗೆ ಕಳಿಸಿ ನೀಲಾವತಿ ಮನೆಯಲ್ಲಿ ಉಳಿದಳು. ಟ್ರಂಕುಗಳು ಅರ್ಧ ತುಂಬಿ ಬಾಯಿ ತೆರೆದುಕೊಂಡಿದ್ದವು. ಬೋರ್ಡು ಹಾಗೆಯೇ ಇತ್ತು.

ಮಧ್ಯಾಹ್ನ ಮೊಣ್ಣಪ್ಪ ಬಂದ. ಟ್ರಂಕು ಕಟ್ಟಲು ಹಗ್ಗ ತಂದಿದ್ದ. ಅವಳು ಒಳಗಿನಿಂದ ಕಾಫಿ ತಂದು ನೋಡಿದರೆ ಅವನು ಬೋರ್ಡಿನ ಮುಂದೆ, ಕಿಟಕಿ ಕಡೆಯ ಕುರ್ಚಿಯಲ್ಲಿ ಕೂತಿದ್ದ. ಯೋಚಿಸಿ ಕೂತದ್ದಲ್ಲ. ಬಹಳ ಸಲ ಕೂತವನಿಗೆ ಕುರ್ಚಿ ಹುಡುಕುವ ಕೆಲಸ ಇರುವುದಿಲ್ಲ, ಹಾಗೆ.

"ಅದು ನನ್ನ ಕುರ್ಚಿ," ಎಂದಳು.

ಮೊಣ್ಣಪ್ಪ ಧಡಕ್ಕನೆ ಎದ್ದ. "ನಾನು ಯಾವಾಗಲೂ ಇಲ್ಲೇ..."

"ಯಾವಾಗಲೂ ಅಂದರೆ?"

"ಭಾನುವಾರ. ನೀವು ಸಂತೆಗೆ ಹೋದಾಗ. ನಿಮಗೆ ಕೇರಂ ಸದ್ದು ಕೇಳಿದರೆ ತಲೆನೋವು ಬರ್ತದೆ, ನೀವು ಬರುವ ಮೊದಲೇ ಏಳಬೇಕು ಅಂತ ದೇರಪ್ಪ ಹೇಳ್ತಿದ್ದ."

ನೀಲಾವತಿ ಕಾಫಿಯನ್ನು ಕಿಟಕಿಯ ಮೇಲಿಟ್ಟಳು.

"ನನಗೆ ತಲೆನೋವು?"

"ಹಾಗಂತ ಅವನು ಹೇಳಿದ್ದು."

"ನಿಮ್ಮದು ಯಾವ ಪಾನು, ಮಾಸ್ತರೇ?"

"ಬಿಳಿ."

ಹೊರಗೆ ಯಾರದೋ ಸೈಕಲ್ ಬೆಲ್ಲು ಬಾರಿಸಿಕೊಂಡು ಇಳಿಜಾರು ಇಳಿಯಿತು.

"ನಿಮ್ಮದು?" ಎಂದ ಅವನು.

"ಬಿಳಿ."

ಇಬ್ಬರೂ ಬೋರ್ಡನ್ನು ನೋಡಿದರು. ನಾಲ್ಕೂ ಪಾಕೆಟಿನ ಸುತ್ತ ದೇರಪ್ಪನ ಕಪ್ಪು ಪಾನುಗಳೇ. ಬಿಳಿ ಒಂದೆರಡು ಮಾತ್ರ ಉಳಿದಿದ್ದವು.

"ರೆಡ್ ಹಾಕಿದ್ದು ಯಾರು?" ಮೊಣ್ಣಪ್ಪನ ದನಿ ಬದಲಾಗಿತ್ತು.

"ನಾನು. ಒಂದು ಶುಕ್ರವಾರ."

"ದೇರಪ್ಪ ನನ್ನ ಪರವಾಗಿ ತಾನೇ ಹಾಕಿಕೊಟ್ಟ ಅಂದುಕೊಂಡಿದ್ದೆ. ಪ್ರತಿ ವಾರ ಬಂದು ನೋಡಿದರೆ ನನ್ನ ಪಾನು ಕಡಿಮೆ ಆಗಿರ್ತಿತ್ತು. ನನಗೆ ನಿನ್ನ ದಾನ ಬೇಡ ಅಂತ ಜಗಳವೇ ಮಾಡಿದೆ."

"ಅವರೇನಂದರು?"

"ನಿನ್ನ ಪುಣ್ಯ ದೊಡ್ಡದು ಮಾರಾಯ, ಸುಮ್ಮನೆ ಆಡು ಅಂದ."

ನೀಲಾವತಿ ಬೋರ್ಡಿನ ಎಡಮೂಲೆಗೆ ಬೆರಳಿಟ್ಟಳು. "ಇಲ್ಲಿ ಎರಡು ಪಾನು ತಂದಿಟ್ಟಿದ್ದೆ. ಒಂದರ ಬೆನ್ನಿಗೆ ಒಂದು. ಊದಿದರೆ ಬೀಳಬೇಕು, ಹಾಗೆ. ಸಂತೆಯಿಂದ ಬಂದು ನೋಡಿದರೆ ಒಂದು ಅಲ್ಲಿ, ಒಂದು ಇಲ್ಲಿ. ಆ ಕೋಣನ ಹೊಡೆತ ನಿಮ್ಮದಾ?"

ಮೊಣ್ಣಪ್ಪ ತನ್ನ ಅಗಲವಾದ ಅಂಗೈಗಳನ್ನು ನೋಡಿಕೊಂಡ. ಬಚ್ಚಿಡಲು ಜಾಗ ಹುಡುಕುವವನ ಹಾಗೆ ಅವನ್ನು ಬೆನ್ನ ಹಿಂದೆ ಸರಿಸಿದ.

"ಸ್ವಲ್ಪ ಜೋರಾಯಿತು," ಎಂದ.

"ಸ್ವಲ್ಪ?"

"ನನಗೆ ಮೆತ್ತಗೆ ಬರುವುದಿಲ್ಲ."

ಅವಳಿಗೆ ನಗು ಬಂತು. ಎಲ್ಲಿತ್ತೋ, ಹೇಗೆ ಬಂತೋ. ತಡೆಯಲು ಸೆರಗು ಬಾಯಿಗೆ ಹಿಡಿದಳು, ಬೆರಳ ಸಂದಿಯಿಂದಲೇ ಹೊರಗೆ ಬಂತು. ಅವಳನ್ನು ನೋಡಿ ಮೊಣ್ಣಪ್ಪನೂ ನಕ್ಕ, ಮೈದಾನದ ದನಿಯಲ್ಲಿ.

ನಗು ಇಳಿದ ಮೇಲೆ ಅವಳು ಕೇಳಿದಳು. "ನಿಮಗೂ ಹೇಳಿದ್ದರಾ? ಆಟ ಮುಗಿದ ದಿನ ಒಂದು ಮಾತು ಹೇಳುವುದುಂಟು ಅಂತ."

"ಹೇಳಿದ್ದ. ಅದೇನಿರಬಹುದು ಅಂತ ಇಷ್ಟು ದಿನ ನಿದ್ದೆ ಇಲ್ಲ ನನಗೆ."

"ಇದೇ."

"ಇದೇ ಇರಬೇಕು," ಎಂದ ಮೊಣ್ಣಪ್ಪ. "ಇಬ್ಬರನ್ನೂ ಕೂರಿಸಿ, ನೋಡಿ ನಿಮ್ಮಿಬ್ಬರನ್ನೂ ನಾನೊಬ್ಬನೇ ಎದುರಿಸಿದೆ ಅಂತ ಹೇಳಿ ಕುಣಿಯಲಿಕ್ಕೆ."

ಅಷ್ಟೇ. ವರ್ಗ ಇಲ್ಲ, ಕಾಯಿಲೆ ಇಲ್ಲ, ಬೇರೆ ಹೆಣ್ಣಿಲ್ಲ. ತುಂಟ ಗಂಡಸೊಬ್ಬ ತನ್ನ ಹೆಂಡತಿಯನ್ನೂ ಗೆಳೆಯನನ್ನೂ ಒಂದೇ ಕುರ್ಚಿಯಲ್ಲಿ ಬೇರೆ ಬೇರೆ ಹೊತ್ತಿಗೆ ಕೂರಿಸಿ, ಒಳಗೊಳಗೇ ನಗುತ್ತಿದ್ದ. ಕೊನೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತಾಗಲೂ ಅವನ ಮುಖದಲ್ಲಿದ್ದದ್ದು ಆ ನಗುವೇ. ಅವಳ ಮೌನ ಅವನಿಗೆ ತಾಗಿರಲಿಲ್ಲ. ಅದು ಅವನ ಆಟದ ಒಂದು ಭಾಗವಾಗಿತ್ತು.

ನೀಲಾವತಿ ತನ್ನ ಕುರ್ಚಿಯಲ್ಲಿ ಕೂತು, ಬೋರ್ಡಿನ ಅಂಚಿಗೆ ಹಣೆಯಿಟ್ಟು ಅತ್ತಳು. ಮೊದಲ ಸಲ, ಬಿಕ್ಕಿ ಬಿಕ್ಕಿ. ಮೊಣ್ಣಪ್ಪ ಸಮಾಧಾನ ಹೇಳಲಿಲ್ಲ. ಕಿಟಕಿಯ ಮೇಲಿದ್ದ ಕಾಫಿಯನ್ನು ತಂದು ಅವಳ ಪಕ್ಕಕ್ಕಿಟ್ಟು ಜಗಲಿಗೆ ಹೋಗಿ ನಿಂತ.

ಸಂತೆಯಿಂದ ಬಂದ ಮುತ್ತಿ ಚೀಲ ಇಳಿಸಿ ಇಬ್ಬರನ್ನೂ ನೋಡಿದಳು. "ದಾರಿವರೆಗೂ ನಗು ಕೇಳ್ತಿತ್ತು. ಬಂದು ನೋಡಿದರೆ ಅಳು. ಯಾವುದಾದರೂ ಒಂದು ಮಾಡಿಯಮ್ಮ."

"ಎರಡೂ ಬಾಕಿ ಇತ್ತು ಮುತ್ತಿ," ಎಂದಳು ನೀಲಾವತಿ, ಮುಖ ಒರೆಸಿಕೊಂಡು.

ಮೊಣ್ಣಪ್ಪ ಬಾಗಿಲಿಗೆ ಬಂದು ಬೋರ್ಡಿನ ಕಡೆ ನೋಡಿದ. "ಕಪ್ಪಿನ ಸರದಿ ಉಂಟು. ಮುಗಿಸುವುದಾದರೆ ನಾನು ಆ ಕಡೆ ಕೂತು..."

"ಬೇಡ. ಅವರ ಕುರ್ಚಿಯಲ್ಲಿ ನೀವು ಕೂರಬೇಡಿ."

ಅವನು ಅಲ್ಲೇ ನಿಂತ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

"ಮುಗಿಸಲೇಬೇಕು ಅಂತ ಎಂಥ ಉಂಟು," ಎಂದಳು. ಎರಡೂ ಕೈಯಿಂದ ಪಾನುಗಳನ್ನು ನಡುವಿಗೆ ಎಳೆದುಕೊಂಡಳು. ಕಪ್ಪು ಬಿಳಿ ಕಲೆತು ಕಟಕಟ ಎಂದವು. ಡಬ್ಬಿಗೆ ತುಂಬಿ ಮುಚ್ಚಿದಳು. ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ಕೋಣೆಯಲ್ಲಿ ಕತ್ತಲೆ ಏನೂ ಆಗಲಿಲ್ಲ. ಹೊರಗಿನ ಬೆಳಕು ಧಾರಾಳವಾಗಿತ್ತು.

ಮೊಣ್ಣಪ್ಪ ಬೋರ್ಡಿಗೆ ಕೈ ಹಾಕಿದ. "ಹಾಗಾದರೆ ತೆಗೆದುಕೊಂಡು ಹೋಗಲಾ, ಅತ್ತಿಗೆ?"

"ನೀವು ಹೊತ್ತುಕೊಂಡು ಹೋದರೆ ಅದು ಕೊಟ್ಟ ಹಾಗಲ್ಲ. ಕೇಳಿ ತಂದದ್ದು ಈ ಮನೆಯವರು. ನಿಮ್ಮ ಮನೆ ಬಾಗಿಲಿಗೆ ತಂದು ಕೊಡಬೇಕಾದ್ದು ನಾನು. ಈಗ ಆಗುವುದಿಲ್ಲ. ಯಾವತ್ತು ಆಗ್ತದೋ ಅವತ್ತು."

*

ತವರು ನಾಪೋಕ್ಲಿನಲ್ಲಿ ಬೇಸಿಗೆ ಕಳೆಯಿತು. ಜೂನಿನಲ್ಲಿ ಸೋಮವಾರಪೇಟೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಕೋಣೆಯ ಗೋಡೆಗೆ ಬೋರ್ಡನ್ನು ಒರಗಿಸಿ, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿದಳು. ಮನೆಯ ಒಡತಿ ಚನ್ನಬಸಮ್ಮ ಅದೇನೆಂದು ಕೇಳಿದರೆ, "ಒಬ್ಬರದ್ದು, ಕೊಡುವುದಿದೆ," ಎನ್ನುವಳು.

ಮೊಣ್ಣಪ್ಪ ಆಗಾಗ ಸೋಮವಾರಪೇಟೆಗೆ ಬರುವುದು ಶುರುವಾಯಿತು. ವಾಲಿಬಾಲ್ ಮ್ಯಾಚು, ನೆಟ್ಟು ಕೊಳ್ಳುವುದು, ಚೆಂಡಿಗೆ ಗಾಳಿ ಹಾಕಿಸುವುದು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ಅವಳೇ ಕೇಳಿದಳು.

"ಸುಂಟಿಕೊಪ್ಪದಲ್ಲಿ ಗಾಳಿ ಇಲ್ವಾ ಮಾಸ್ತರೇ?"

"ಅಲ್ಲಿಯ ಪಂಪು ಹಾಳಾಗಿದೆ."

"ಹೋದ ತಿಂಗಳೂ ಹಾಳಾಗಿತ್ತು."

"ರಿಪೇರಿ ಮಾಡುವವರು ಬರಲಿಲ್ಲ." ಕಿವಿಯವರೆಗೂ ಕೆಂಪಾದ. ಬಸ್ಸು ಹೊರಡಲು ಹಾರನ್ ಹೊಡೆಯುತ್ತಿತ್ತು, ಅವನು ಹತ್ತಲಿಲ್ಲ.

ಅವಳು ಆಗಲೇ ಒಂದು ಸಂಗತಿ ಗಮನಿಸಿದ್ದಳು. ಇವನು ಈಗ ಅತ್ತಿಗೆ ಎನ್ನುತ್ತಿಲ್ಲ. ಅದನ್ನು ಬಿಟ್ಟಿದ್ದಾನೆ, ಬದಲಿಗೆ ಏನೆಂದು ಕರೆಯುವುದೋ ತಿಳಿಯದೆ ಪ್ರತಿ ಮಾತಿನ ಮುಂದೆ ಒಂದು ಸಣ್ಣ ಕೆಮ್ಮು ಇಟ್ಟುಕೊಂಡಿದ್ದಾನೆ.

ಕೆಮ್ಮಿದ. "ನಾನೊಂದು ಕೇಳಬೇಕಿತ್ತು."

ಏನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಭಯ ತರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಆದರೂ ಕೈಯೆತ್ತಿ ತಡೆದಳು.

"ನಿಮ್ಮ ಬೋರ್ಡು ಇನ್ನೂ ನನ್ನ ಹತ್ತಿರ ಉಂಟು. ಅದನ್ನು ಕೊಡುವವರೆಗೆ ನಾನು ದೇರಪ್ಪನ ಮನೆಯವಳಾಗಿ ನಿಮ್ಮ ಎದುರು ನಿಂತಿರುವುದು. ಕೊಟ್ಟ ಮೇಲೆ ಕೇಳಿ."

"ಹಾಗಾದರೆ ಬೇಗ ಕೊಡಿ."

"ಅವಸರದ ಕೈ. ಅದಕ್ಕೇ ನಿಮ್ಮ ಪಾನು ಬೀಳುವುದಿಲ್ಲ."

ಮೊಣ್ಣಪ್ಪ ನಕ್ಕ. ನಕ್ಕರೂ ಕಣ್ಣು ಅವಳ ಮುಖವನ್ನೇ ಹುಡುಕುತ್ತಿತ್ತು. "ಕೊಡದೇ ಇದ್ದರೆ?"

"ಕೊಡದೇ ಇದ್ದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ. ಗಾಳಿಗೆ ಅಂತ ಇಷ್ಟು ದೂರ ಬರುವುದು ತಪ್ಪುತ್ತದೆ."

ಕಂಡಕ್ಟರ್ ಬಾಗಿಲು ಬಡಿದ. ಅವನು ಓಡಿ ಹತ್ತಿದ. ಕಿಟಕಿಯಿಂದ ಕೈ ಬೀಸಲೋ ಬೇಡವೋ ಎಂದು ಅರ್ಧ ಎತ್ತಿದ ಕೈ ತಿರುವಿನವರೆಗೂ ಹಾಗೇ ಕಾಣುತ್ತಿತ್ತು.

ಆಮೇಲೆ ಅವನು ಬರಲಿಲ್ಲ. ಮಳೆ ಹೋಯಿತು, ಕಾಫಿ ಹಣ್ಣಿನ ಕಾಲ ಬಂತು. ಕೊಡಿ ಎಂದು ಮತ್ತೆ ಕೇಳಲಿಲ್ಲ, ಯಾರ ಕೈಲೂ ಹೇಳಿ ಕಳಿಸಲಿಲ್ಲ. ಜೋರು ಕೈಯ ಮನುಷ್ಯ ಮೆತ್ತಗಿರುವುದನ್ನು ಕಲಿಯುತ್ತಿದ್ದಾನೆ ಎಂದುಕೊಂಡಳು. ಕೆಲವು ಸಂಜೆ ಬಸ್ಸು ಬರುವ ಹೊತ್ತಿಗೆ ಅವಳ ಕಾಲು ತಾನಾಗಿ ಆ ಕಡೆ ತಿರುಗುತ್ತಿತ್ತು. ನಿಲ್ಲಿಸಿಕೊಳ್ಳುವಳು. ಅವನು ಬೇಸತ್ತನೇನೋ ಎಂಬ ಯೋಚನೆ ಬಂದ ದಿನ ಊಟ ಸೇರಲಿಲ್ಲ.

ಅಪ್ಪನ ಮನೆಯವರೂ ದೇರಪ್ಪನ ಮನೆಯವರೂ ಸೇರಿ ವರ್ಷದ ತಿಥಿ ಮುಗಿಸಿದರು. ದೇರಪ್ಪನ ತಾಯಿ ಹೊರಡುವಾಗ ಅವಳ ತಲೆ ನೇವರಿಸಿ, "ನಮ್ಮಲ್ಲಿ ಇನ್ನೊಂದು ಮದುವೆಗೆ ಯಾರೂ ಬೇಡವೆಂದು ಬಾಯಿ ಮಾಡುವುದಿಲ್ಲ, ಮಗಳೇ. ನಾನಂತೂ ಮಾಡುವುದಿಲ್ಲ," ಎಂದರು. ಅತ್ತೆಗೆ ಎಷ್ಟು ಗೊತ್ತಿತ್ತೋ. ನೀಲಾವತಿ ಅವರ ಕಾಲು ಹಿಡಿದಳು.

ಮುಂದಿನ ಭಾನುವಾರ ಬೆಡ್‌ಶೀಟು ತೆಗೆದು, ಬೋರ್ಡನ್ನು ಒರೆಸಿ, ಸುಂಟಿಕೊಪ್ಪದ ಬಸ್ಸಿಗೆ ತಂದಳು.

"ಟೀಚರೇ, ಇದೆಂಥದು, ಬಾಗಿಲಾ?" ಎಂದ ಕಂಡಕ್ಟರ್ ಸಣ್ಣಸ್ವಾಮಿ.

"ಕೇರಂ ಬೋರ್ಡು."

"ಟಾಪಿಗೆ ಹಾಕುವ."

"ಬೇಡಪ್ಪ. ಹಲಗೆ ಡೊಂಕಾದರೆ ಕೊಟ್ಟವರು ಏನಂದುಕೊಳ್ಳುತ್ತಾರೆ?"

"ಅದಕ್ಕೂ ಒಂದು ಟಿಕೆಟ್ ಮಾಡಬೇಕಾಗ್ತದೆ."

"ಮಾಡು. ಕಿಟಕಿ ಹತ್ತಿರ ಸೀಟು ಕೊಡು ಅದಕ್ಕೆ."

ಬಸ್ಸಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಎರಡು ಸೀಟಿನ ನಡುವೆ ಬೋರ್ಡನ್ನು ನಿಲ್ಲಿಸಿ, ತಿರುವು ಬಂದಾಗಲೆಲ್ಲ ಮೊಣಕಾಲಿನಿಂದ ಒತ್ತಿ ಹಿಡಿದಳು. ಅವನು ಮನೆಯಲ್ಲಿ ಇಲ್ಲದಿದ್ದರೆ? ಇದ್ದು, ಈಗ ಕೇಳುವುದೇನೂ ಇಲ್ಲ ಎಂದರೆ? ಹಾಗೆಂದರೂ ಬೋರ್ಡು ಕೊಡಲೇಬೇಕು. ಅಷ್ಟು ಗೊತ್ತಿದ್ದದ್ದೇ ಸಾಕಾಯಿತು.

ಮೊಣ್ಣಪ್ಪನ ಮನೆ ಶಾಲೆಯ ಹಿಂದೆ. ಅವನ ತಾಯಿ ಬೊಳ್ಳಮ್ಮ ಅಂಗಳದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ಬೋರ್ಡು ತಬ್ಬಿಕೊಂಡು ಬರುತ್ತಿದ್ದವಳನ್ನು ನೋಡಿ ಕೈ ಕೊಡವಿಕೊಂಡು ಎದ್ದು ಅರೆಭಾಷೆಯಲ್ಲಿ ಮಾತಾಡಿಸಿದರು.

"ಯಾರದು, ಬೋರ್ಡಿಗೆ ಕಾಲು ಬಂದ ಹಾಂಗೆ ಉಟ್ಟಲ್ಲ. ಬಾ ಮಗ, ಒಳಗೆ ಬಾ. ಕಡುಬು ಉಟ್ಟು. ಬೊತ್ತು ಹೇಳಿಕೆ ಇಲ್ಲೆ."

"ಬೇಡ ಅನ್ನುವುದಿಲ್ಲ ಅತ್ತೆ. ಮೊದಲು ಇದನ್ನು ಕೊಡಬೇಕು."

"ಕೊಡು, ನಾನು ಹಿಡ್ಕೊಳ್ತೆ."

"ನಿಮಗಲ್ಲ."

ಬೊ‍ಳ್ಳಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೈದಾನದ ಕಡೆ ತಿರುಗಿ, ಮಗನಿಗೆ ದನಿ ಎಲ್ಲಿಂದ ಬಂದದ್ದೆಂದು ತಿಳಿಯುವ ಹಾಗೆ ಕೂಗಿದರು. "ಮೊಣ್ಣಾ. ನಿನ್ನ ಬೋರ್ಡು ಬಂದುಟ್ಟು." ಹೇಳಿ, ಕಾಫಿ ಹಣ್ಣನ್ನು ಹಾಗೇ ಬಿಟ್ಟು ಒಳಗೆ ಹೋದರು.

ಅವನು ಓಡಿ ಬಂದ. ಬೇಲಿಯ ಹತ್ತಿರ ಓಟ ನಿಲ್ಲಿಸಿ, ನಡೆದು ಬಂದ. ಅವಳ ಎದುರಿಗೆ ಬಂದು ನಿಂತವನಿಗೆ ಉಸಿರು ಸಿಗುತ್ತಿರಲಿಲ್ಲ.

"ಬಂದಿರಾ," ಎಂದ.

"ತಡವಾಯಿತು."

"ಇಲ್ಲ."

"ಗಾಳಿ ಹಾಕಿಸಲು ಬರುವುದು ಬಿಟ್ಟಿರಿ."

"ಪಂಪು ಸರಿಯಾಯಿತು ಅಂತ ಸುಳ್ಳು ಹೇಳಲಾ? ನೀವು ಒಬ್ಬರೇ ಯೋಚಿಸಲಿ ಅಂತ ಬಿಟ್ಟೆ." ಆಮೇಲೆ, "ಕಷ್ಟ ಆಯಿತು," ಎಂದ.

ಅವಳು ಬೋರ್ಡನ್ನು ಮುಂದೆ ಚಾಚಿದಳು. ಅವನು ಆ ಕಡೆಯ ಅಂಚು ಹಿಡಿದ. ಈ ಕಡೆಯದು ಇನ್ನೂ ಅವಳ ಕೈಯಲ್ಲಿತ್ತು. ನಡುವೆ ಚೌಕದ ಹಲಗೆ, ಆ ಕಡೆ ಅವನ ಅಗಲವಾದ ಬೆರಳುಗಳು. ಅವು ಹಗುರಾಗಿ ಹಿಡಿದಿದ್ದವು, ಎಳೆಯಲಿಲ್ಲ.

"ನಮ್ಮ ಮನೆಯವರು ನಿಮ್ಮಿಂದ ತಂದದ್ದು," ಎಂದಳು. "ಚೆನ್ನಾಗಿ ಆಡಿದರು. ವಾಪಸ್ ಕೊಡುತ್ತಿದ್ದೇನೆ."

"ನೀಲಾವತಿ," ಎಂದ ಮೊಣ್ಣಪ್ಪ. ಕೆಮ್ಮದೆ.

"ತಡೀರಿ. ಮೊದಲು ಸರಿಯಾಗಿ ಹಿಡಿದುಕೊಳ್ಳಿ. ಭಾರ ಉಂಟು."

ಅವನು ಸರಿಯಾಗಿ ಹಿಡಿದುಕೊಂಡ. ಅವಳು ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು.

"ಈಗ ಕೇಳಿ," ಎಂದಳು.